ಕಿವಿಯಿಂದ ನಡೆಸುವ ಹ್ಯಾಮ್ ರೇಡಿಯೋ: ಕೃಷ್ಣಾ ತೀರದ ಐದು ತಾಲೂಕುಗಳನ್ನು ಮುಂದಿಟ್ಟು ನಿಯಂತ್ರಣ ತಂತ್ರಾಂಶದ ಮೇಲೊಂದು ಟಿಪ್ಪಣಿ

ಹ್ಯಾಮ್ ಎಂದು ಕರೆಸಿಕೊಳ್ಳುವ ಹವ್ಯಾಸಿಗಳು ನಡೆಸುವ ರೇಡಿಯೋ ಸೆಟ್ಟಿನಲ್ಲಿ ಕೇಳುವ ಭಾಗ ಬೇರೆ, ನೋಡುವ ಭಾಗ ಬೇರೆ. ಎದುರಿನವರ ಮಾತು, ಮೋರ್ಸ್ ಸಂಕೇತ, ಗದ್ದಲ, ದೂರದ ಮಿಂಚಿನ ಚಟಪಟ ಎಲ್ಲವೂ ಕಿವಿಗೆ ಬರುತ್ತವೆ. ನಾವು ಯಾವ ಆವರ್ತನದಲ್ಲಿದ್ದೇವೆ, ಯಾವ ಮೋಡಿನಲ್ಲಿದ್ದೇವೆ (ಮಾತೋ ಮೋರ್ಸೋ), ಬರುತ್ತಿರುವ ಸಂಕೇತ ಎಷ್ಟು ಗಟ್ಟಿಯಾಗಿದೆ, ಕಳಿಸಿದ ಶಕ್ತಿಯನ್ನು ಆಂಟೆನಾ ತೆಗೆದುಕೊಳ್ಳುತ್ತಿದೆಯೋ ವಾಪಸು ತಳ್ಳುತ್ತಿದೆಯೋ ಎಂಬುದೆಲ್ಲ ಪರದೆಯ ಮೇಲೆ ಮೂಡುತ್ತದೆ. ದೃಷ್ಟಿಹೀನ ಹ್ಯಾಮ್‌ಗೆ ತೊಡಕಾಗುವುದು ಈ ಎರಡನೆಯ ಭಾಗ ಮಾತ್ರ. ಮೊದಲನೆಯದರಲ್ಲಿ ಅವರು ಯಾರಿಗೂ ಕಡಿಮೆಯಿಲ್ಲ. ಬಹಳ ಸಲ ಮುಂದೆಯೇ ಇರುತ್ತಾರೆ.

ಪರದೆಯ ಮೇಲಿನ ಈ ಮಾಹಿತಿಯೆಲ್ಲ ಸೆಟ್ಟಿನ ಹಿಂಬದಿಯ ಒಂದು ಕೇಬಲ್ಲಿನಲ್ಲಿ ಅಕ್ಷರ ಮತ್ತು ಅಂಕಿಯ ರೂಪದಲ್ಲಿ ಸಿಗುತ್ತದೆ. 1980ರ ದಶಕದಿಂದಲೂ ಸಿಗುತ್ತಿದೆ. ಆದ್ದರಿಂದ ಉಳಿಯುವ ಪ್ರಶ್ನೆ ಇಷ್ಟೇ: ಆ ಅಂಕಿಗಳನ್ನು ಎತ್ತಿಕೊಂಡು ಯಾವುದನ್ನು ಹೇಳಬೇಕು, ಯಾವಾಗ ಹೇಳಬೇಕು, ಯಾವಾಗ ಸುಮ್ಮನಿರಬೇಕು ಎಂದು ನಿರ್ಧರಿಸುವ ತಂತ್ರಾಂಶ ಹೇಗಿರಬೇಕು? ಈ ಟಿಪ್ಪಣಿ ಆ ಪ್ರಶ್ನೆಯನ್ನು ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳ ನೆಲದ ಮೇಲೆ ನಿಂತು ಕೇಳುತ್ತದೆ.

ಈ ನೆಲವೇ ಏಕೆ? ಕೃಷ್ಣೆ ಮಹಾರಾಷ್ಟ್ರದಿಂದ ಕರ್ನಾಟಕಕ್ಕೆ ಇಳಿಯುವುದು ಇಲ್ಲಿ. ವೇದಗಂಗೆಯನ್ನು ಕೂಡಿಸಿಕೊಂಡ ದೂಧಗಂಗೆ ಕಲ್ಲೋಳದ ಬಳಿ ಕೃಷ್ಣೆಗೆ ಸೇರುತ್ತದೆ. ಮಹಾರಾಷ್ಟ್ರದ ಕೊಯ್ನಾ, ವಾರಣಾ, ರಾಧಾನಗರಿ ಅಣೆಕಟ್ಟುಗಳ ಕಡೆ ಮಳೆ ಜೋರಾಗಿ ನೀರು ಬಿಟ್ಟರೆ ಮೊದಲು ಮುಳುಗುವುದು ಕಲ್ಲೋಳ–ಯಡೂರ, ಮಲಿಕವಾಡ–ದತ್ತವಾಡ, ಕಾರದಗಾ–ಭೋಜ, ಸಿದ್ನಾಳ–ಅಕ್ಕೋಳ, ಜತ್ರಾಟ–ಭೀವಶಿಯಂಥ ತಗ್ಗಿನ ಸೇತುವೆಗಳು. ನೀರು ಇನ್ನೂ ಏರಿದರೆ ಕುಡಚಿ–ಉಗಾರ ಸೇತುವೆಯ ಸರದಿ. 2005ರ ಮಹಾಪೂರವನ್ನು ಕಂಡವರು ಈ ಊರುಗಳಲ್ಲಿ ಇನ್ನೂ ಇದ್ದಾರೆ. 2019ರ ಆಗಸ್ಟ್ ಅದನ್ನೂ ಮರೆಸುವಂತೆ ಬಂತು. 2021ರ ಜುಲೈಯಲ್ಲಿ ನಿಪ್ಪಾಣಿ ಹತ್ತಿರದ ಯಮಗರಣಿಯಲ್ಲಿ ವೇದಗಂಗೆ ಉಕ್ಕಿ ಪುಣೆ–ಬೆಂಗಳೂರು ಹೆದ್ದಾರಿಯೇ ಬಂದ್ ಆಯಿತು. ಮಳೆ ಸುರಿಯುವುದು ಒಂದು ರಾಜ್ಯದಲ್ಲಿ, ನೀರು ನಿಲ್ಲುವುದು ಇನ್ನೊಂದರಲ್ಲಿ. ಸುದ್ದಿ ಗಡಿ ದಾಟಿ ಬೇಗ ಬರಬೇಕಾದ ಜಾಗವಿದು. ಕರೆಂಟು ಹೋಗಿ ಮೊಬೈಲ್ ಟವರಿನ ಬ್ಯಾಟರಿಯೂ ಇಳಿದ ಮೇಲೆ, ಒಂದು ಕಾರಿನ ಬ್ಯಾಟರಿ ಮತ್ತು ಇಪ್ಪತ್ತು ಮೀಟರ್ ತಂತಿಯಿಂದ ನಡೆಯುವ ಹ್ಯಾಮ್ ಸೆಟ್ ಇಲ್ಲಿ ಹವ್ಯಾಸವಾಗಿ ಮಾತ್ರ ಉಳಿಯುವುದಿಲ್ಲ.

ಇಂಥ ಹೊತ್ತಿನಲ್ಲಿ ಹ್ಯಾಮ್‌ಗಳು ಒಂದೇ ಆವರ್ತನದಲ್ಲಿ ಕಟ್ಟುವ ‘ನೆಟ್’ ಎಂಬ ಜಾಲದಲ್ಲಿ ಒಬ್ಬರು ಕುಳಿತಲ್ಲಿಂದ ಕದಲದೆ ಎಲ್ಲರ ಕರೆ ಕೇಳಿ, ಸರದಿ ಕೊಟ್ಟು, ಸಂದೇಶ ಬರೆದುಕೊಂಡು, ಮುಂದಕ್ಕೆ ದಾಟಿಸಬೇಕು. 2004ರ ಡಿಸೆಂಬರಿನಲ್ಲಿ ಸುನಾಮಿ ಬಂದಾಗ ಪೋರ್ಟ್ ಬ್ಲೇರ್‌ನಲ್ಲಿದ್ದ ಹ್ಯಾಮ್ ಭಾರತಿ ಪ್ರಸಾದ್ ಮಾಡಿದ್ದು ಇದನ್ನೇ. ಅಂಡಮಾನಿನ ಸುದ್ದಿ ಅವರ ಸೆಟ್ಟಿನಿಂದ ದೇಶಕ್ಕೆ ತಲುಪಿತು. ದೋಣಿ ಹತ್ತುವುದಕ್ಕೆ, ನೀರಿನ ಮಟ್ಟದ ಗುರುತು ನೋಡುವುದಕ್ಕೆ ಕಣ್ಣು ಬೇಕು. ನೆಟ್ ನಡೆಸುವುದಕ್ಕೆ ಬೇಕಾದದ್ದು ಕಿವಿ, ನೆನಪು, ತಾಳ್ಮೆ ಮತ್ತು ಊರುಗಳ ಹೆಸರಿನ ಪರಿಚಯ. ಜುಗೂಳ, ಮಂಗಾವತಿ, ಇಂಗಳಿ, ಮಾಂಜರಿ, ಸಪ್ತಸಾಗರ, ದರೂರ ಎಂಬ ಹೆಸರುಗಳನ್ನು ಗದ್ದಲದ ನಡುವೆಯೂ ತಪ್ಪದೆ ಹಿಡಿಯುವವರು, ಕನ್ನಡ ಮರಾಠಿ ಎರಡನ್ನೂ ಮನೆಯ ಮಾತಿನಂತೆ ಆಡುವವರು ಬೇಕು. ಈ ಐದು ತಾಲೂಕುಗಳ ದೃಷ್ಟಿಹೀನ ಯುವಕ ಯುವತಿಯರಿಗೆ ಇವೆಲ್ಲ ಇವೆ. ಸೆಟ್ಟಿನ ಪರದೆ ಮಾತ್ರ ಅವರ ಕೈಗೆ ಸಿಕ್ಕಿಲ್ಲ.

ದೃಷ್ಟಿಹೀನರು ಹ್ಯಾಮ್ ಆಗುವುದು ಹೊಸದೇನಲ್ಲ. ನ್ಯೂಯಾರ್ಕಿನಲ್ಲಿ ಅಂಧರ ಶಾಲೆಯೊಂದರಲ್ಲಿ ಕಲಿಸುತ್ತಿದ್ದ ಬಾಬ್ ಗಂಡರ್‌ಸನ್ ಸ್ವತಃ ದೃಷ್ಟಿಹೀನರು, ಹ್ಯಾಮ್ ಕೂಡ. 1950ರಲ್ಲಿ ಅವರು ‘ಬ್ರೈಲ್ ಟೆಕ್ನಿಕಲ್ ಪ್ರೆಸ್’ ಎಂಬ ಪತ್ರಿಕೆ ಹೊರಡಿಸಿದರು. ಸರ್ಕ್ಯೂಟಿನ ಚಿತ್ರವನ್ನು ಪದಗಳಲ್ಲಿ ಬಿಡಿಸಿ ಹೇಳುವುದು ಅದರ ಕ್ರಮ: ಈ ರೆಸಿಸ್ಟರಿನ ಒಂದು ತುದಿ ಇಲ್ಲಿಗೆ, ಇನ್ನೊಂದು ತುದಿ ಅಲ್ಲಿಗೆ ಎಂಬಂತೆ. 1967ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಆರಂಭವಾದ ‘ಹ್ಯಾಂಡಿಹ್ಯಾಮ್’ ಯೋಜನೆ ಪಾಠಗಳನ್ನು ಟೇಪಿನಲ್ಲಿ ಮುದ್ರಿಸಿ ಅಂಚೆಯಲ್ಲಿ ಕಳಿಸಿ ಅಂಗವಿಕಲರನ್ನು ಪರೀಕ್ಷೆಗೆ ಸಿದ್ಧಗೊಳಿಸಿತು. ನಂತರ ಸ್ಯಾನ್ ಫ್ರಾನ್ಸಿಸ್ಕೋದ ಸ್ಮಿತ್–ಕೆಟಲ್‌ವೆಲ್ ಸಂಸ್ಥೆ ‘ಟೆಕ್ನಿಕಲ್ ಫೈಲ್’ ಎಂಬ ಪತ್ರಿಕೆಯ ಮೂಲಕ ಬೆಸುಗೆ ಹಾಕುವುದನ್ನೂ ಅಳೆಯುವುದನ್ನೂ ಕಣ್ಣಿನ ನೆರವಿಲ್ಲದೆ ಮಾಡುವ ಬಗೆ ಹೇಳಿಕೊಟ್ಟಿತು. ಮೂರರ ಒಳಗೂ ಒಂದೇ ತಿಳಿವಳಿಕೆ ಇದೆ. ದೃಷ್ಟಿಹೀನ ಹ್ಯಾಮ್ ಎಂದರೆ ಸಹಾಯ ಪಡೆಯುವವನಲ್ಲ, ಸ್ಟೇಷನ್ ನಡೆಸುವವನು.

ಆಗಿನ ಸೆಟ್‌ಗಳಲ್ಲಿ ಗುಂಡಿ, ಸ್ವಿಚ್ಚು, ಡಯಲ್ಲುಗಳಿದ್ದವು. ಬೆರಳು ಎಲ್ಲವನ್ನೂ ಗುರುತಿಸುತ್ತಿತ್ತು. ಅಂಕಿ ತೋರಿಸುವ ಪರದೆ ಬಂದ ಮೇಲೆ ಬೆರಳಿಗೆ ಸಿಗುವುದು ಕಡಿಮೆಯಾಯಿತು. ಟಚ್ ಸ್ಕ್ರೀನ್ ಬಂದ ಮೇಲೆ ನುಣುಪಾದ ಗಾಜು ಮಾತ್ರ ಉಳಿಯಿತು. ತಯಾರಕರು ಕಣ್ಮುಚ್ಚಿ ಕೂತಿದ್ದರು ಎನ್ನಲಾಗದು. ಕೆನ್‌ವುಡ್ ತನ್ನ ಟಿಎಸ್–480, ಟಿಎಸ್–590 ಸೆಟ್‌ಗಳಿಗೆ ವಿಜಿಎಸ್–1 ಎಂಬ ಧ್ವನಿ ಬೋರ್ಡನ್ನು ಬೇರೆಯಾಗಿ ಮಾರಿತು. ಅದನ್ನು ಕೂರಿಸಿದರೆ ಆವರ್ತನವಷ್ಟೇ ಅಲ್ಲದೆ ಮೆನುವಿನ ಸಾಲುಗಳನ್ನೂ ಹೇಳುತ್ತದೆ. ಅದೇ ಕಂಪನಿಯ ಸೆಟ್‌ಗಳು ಮೋಡ್ ಬದಲಿಸಿದಾಗ ಮೋರ್ಸಿನಲ್ಲಿ ಒಂದಕ್ಷರ ನುಡಿಯುತ್ತವೆ: ಮಾತಿನ ಮೋಡುಗಳಾದ ಪಕ್ಕಪಟ್ಟಿಗಳಲ್ಲಿ (ಸೈಡ್‌ಬ್ಯಾಂಡ್) ಮೇಲಿನದಕ್ಕೆ ‘ಡಿ ಡಿ ಡಾ’, ಕೆಳಗಿನದಕ್ಕೆ ‘ಡಿ ಡಾ ಡಿ ಡಿ’. ಎಲೆಕ್ರಾಫ್ಟ್‌ನ ಕೆಎಕ್ಸ್–3 ಒತ್ತಿದ ಗುಂಡಿ ಯಾವುದೆಂದು ಮೋರ್ಸಿನಲ್ಲೇ ತಿಳಿಸಬಲ್ಲದು. 2016ರಲ್ಲಿ ಬಂದು ನಮ್ಮ ದೇಶದಲ್ಲೂ ಬಹಳ ಹ್ಯಾಮ್‌ಗಳ ಮೇಜಿಗೇರಿದ ಐಕಾಮ್ ಐಸಿ–7300 ಒಂದು ಗುಂಡಿ ಒತ್ತಿದರೆ ಆವರ್ತನ, ಮೋಡ್, ಸಂಕೇತದ ಬಲ ಹೇಳುತ್ತದೆ. ಅದರ ಟಚ್ ಸ್ಕ್ರೀನಿನ ಮೆನುಗಳು ಮಾತ್ರ ಮೌನ. ಆ ಮೌನವೇ ನಿಯಂತ್ರಣ ತಂತ್ರಾಂಶದ ಕೆಲಸದ ಜಾಗ.

ಕೇಬಲ್ಲಿನೊಳಗೆ ನಡೆಯುವುದೇನು ಎಂದು ಹತ್ತಿರದಿಂದ ನೋಡೋಣ. ಕಂಪ್ಯೂಟರ್ ಕೆನ್‌ವುಡ್ ಸೆಟ್ಟಿಗೆ ‘ಎಫ್‌ಎ;’ ಎಂದು ಮೂರು ಚಿಹ್ನೆ ಕಳಿಸುತ್ತದೆ. ಸೆಟ್ ‘ಎಫ್‌ಎ00007100000;’ ಎಂದು ಉತ್ತರಿಸುತ್ತದೆ. ಹನ್ನೊಂದು ಅಂಕಿಗಳು, ಹರ್ಟ್ಸ್ ಲೆಕ್ಕದಲ್ಲಿ. ಅಂದರೆ ಸೆಟ್ 7.100 ಮೆಗಾಹರ್ಟ್ಸ್‌ನಲ್ಲಿದೆ. ಅದೇ ಸಾಲನ್ನು ಬೇರೆ ಅಂಕಿಯೊಂದಿಗೆ ನಾವು ಕಳಿಸಿದರೆ ಸೆಟ್ ಅಲ್ಲಿಗೆ ಹೋಗುತ್ತದೆ. ‘ಎಂಡಿ1;’ ಎಂದರೆ ಕೆಳಗಿನ ಪಕ್ಕಪಟ್ಟಿ, ‘ಎಂಡಿ2;’ ಎಂದರೆ ಮೇಲಿನದು, ‘ಎಂಡಿ3;’ ಎಂದರೆ ಮೋರ್ಸ್. ಐಕಾಮ್ ಇದನ್ನೇ ಹದಿನಾರರ ಮಾನದ ಬೈಟುಗಳಲ್ಲಿ ಆಡುತ್ತದೆ. ಐಸಿ–7300ರ ವಿಳಾಸ 94. ‘ಎಫ್‌ಇ ಎಫ್‌ಇ 94 ಇ0 03 ಎಫ್‌ಡಿ’ ಎಂದು ಕೇಳಿದರೆ ಅದು 7.100 ಮೆಗಾಹರ್ಟ್ಸ್ ಎಂಬುದನ್ನು ‘00 00 10 07 00’ ಎಂದು ಹಿಂದುಮುಂದಾಗಿ ಹೇಳುತ್ತದೆ. ಯೇಸುವಿನದು ಮತ್ತೊಂದು ರೀತಿ. ಪ್ರತಿ ಕಂಪನಿಗೂ ಅದರದೇ ಆಡುಭಾಷೆ ಇರುವುದರಿಂದ ಪ್ರತಿ ಸೆಟ್ಟಿಗೂ ಬೇರೆ ತಂತ್ರಾಂಶ ಬರೆಯಬೇಕಾಗುತ್ತಿತ್ತು.

ಆ ತೊಡಕನ್ನು ಬಿಡಿಸಿದ್ದು 2000ದಲ್ಲಿ ಆರಂಭವಾದ ‘ಹ್ಯಾಮ್‌ಲಿಬ್’ ಎಂಬ ಮುಕ್ತ ತಂತ್ರಾಂಶ. ಇನ್ನೂರಕ್ಕೂ ಹೆಚ್ಚು ಮಾದರಿಯ ಸೆಟ್‌ಗಳ ಆಡುಭಾಷೆ ಅದಕ್ಕೆ ಗೊತ್ತು. ಅದರ ಜೊತೆಗೆ ಬರುವ ‘ರಿಗ್‌ಸಿಟಿಎಲ್’ ಎಂಬ ಚಿಕ್ಕ ಸಾಧನಕ್ಕೆ ಕಿಟಕಿಯಿಲ್ಲ, ಚಿತ್ರವಿಲ್ಲ, ಗುಂಡಿಯಿಲ್ಲ. ಸಣ್ಣಕ್ಷರದ ‘ಎಫ್’ ಒತ್ತಿ ಎಂಟರ್ ಕೊಟ್ಟರೆ ಆವರ್ತನದ ಅಂಕಿ ಒಂದು ಸಾಲಿನಲ್ಲಿ ಬರುತ್ತದೆ. ದೊಡ್ಡಕ್ಷರದ ‘ಎಫ್’ ಮುಂದೆ ಅಂಕಿ ಬರೆದರೆ ಸೆಟ್ ಅಲ್ಲಿಗೆ ಹೋಗುತ್ತದೆ. ಕಣ್ಣಿರುವವರಿಗೆ ಬಡಕಲಾಗಿ ಕಾಣುವ ಈ ಸಾಲುಗಳು, ಪರದೆಯ ಅಕ್ಷರವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶಕ್ಕೆ ಎಲ್ಲಕ್ಕಿಂತ ಸಲೀಸು, ಏಕೆಂದರೆ ಓದಲು ಅಕ್ಷರವಲ್ಲದೆ ಬೇರೇನೂ ಅಲ್ಲಿಲ್ಲ. ಇನ್ನೊಂದು ಅನುಕೂಲವಿದೆ. ಮಾದರಿ ಸಂಖ್ಯೆ 1 ಎಂದು ಕೊಟ್ಟರೆ ಹ್ಯಾಮ್‌ಲಿಬ್ ಒಂದು ನಕಲಿ ಸೆಟ್ಟನ್ನು ಕಂಪ್ಯೂಟರಿನೊಳಗೇ ಸೃಷ್ಟಿಸುತ್ತದೆ. ಲಕ್ಷ ರೂಪಾಯಿ ದಾಟುವ ಸೆಟ್ ಇಲ್ಲದೆ, ಲೈಸೆನ್ಸೂ ಇಲ್ಲದೆ, ಅಥಣಿಯ ಒಬ್ಬ ವಿದ್ಯಾರ್ಥಿನಿ ಹಳೆಯ ಲ್ಯಾಪ್‌ಟಾಪಿನಲ್ಲಿ ಸೆಟ್ ನಡೆಸುವುದನ್ನು ಅಭ್ಯಾಸ ಮಾಡಬಹುದು. ತರಬೇತಿ ಇಲ್ಲಿಂದಲೇ ಶುರುವಾಗಬೇಕು ಎಂಬುದು ನನ್ನ ಅಭಿಪ್ರಾಯ.

ಇನ್ನು ಕನ್ನಡದ ಮಾತು. ಸ್ಕ್ರೀನ್ ರೀಡರುಗಳಲ್ಲಿ ‘ಜಾಸ್’ 1989ರಿಂದ ಇದೆ, ದುಬಾರಿ. ಮೈಕೆಲ್ ಕರನ್ ಎಂಬ ದೃಷ್ಟಿಹೀನ ಯುವಕ ಆಸ್ಟ್ರೇಲಿಯಾದಲ್ಲಿ 2006ರಲ್ಲಿ ಆರಂಭಿಸಿ, ಮತ್ತೊಬ್ಬ ದೃಷ್ಟಿಹೀನ ಗೆಳೆಯ ಜೇಮ್ಸ್ ಟೆಹ್ ಜೊತೆ ಬೆಳೆಸಿದ ‘ಎನ್‌ವಿಡಿಎ’ ಉಚಿತ. ಅದರೊಂದಿಗೆ ಬರುವ ‘ಇ–ಸ್ಪೀಕ್’ ಕನ್ನಡ ಓದುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಎ.ಜಿ. ರಾಮಕೃಷ್ಣನ್ ಅವರ ಪ್ರಯೋಗಾಲಯವೂ ಕನ್ನಡ ಧ್ವನಿ ಸಂಶ್ಲೇಷಣೆಯ ಮೇಲೆ ದುಡಿದಿದೆ. ಧ್ವನಿಯ ಕೊರತೆ ಇಲ್ಲ. ತೊಂದರೆ ಬೇರೆಡೆ ಇದೆ. ಸೆಟ್ಟಿನಿಂದ ಬಂದ 7100000 ಎಂಬ ಅಂಕಿಯನ್ನು ಕನ್ನಡ ಧ್ವನಿ ಲೆಕ್ಕದ ಸಂಖ್ಯೆಯಂತೆ ಓದಿದರೆ ‘ಎಪ್ಪತ್ತೊಂದು ಲಕ್ಷ’ ಎಂದಾಗುತ್ತದೆ. 14250000 ಬಂದರೆ ‘ಒಂದು ಕೋಟಿ ನಲವತ್ತೆರಡು ಲಕ್ಷ ಐವತ್ತು ಸಾವಿರ’. ಓದು ಸರಿ, ಉಪಯೋಗ ಸೊನ್ನೆ. ಹ್ಯಾಮ್‌ಗೆ ಬೇಕಾದದ್ದು ‘ಏಳು ಪಾಯಿಂಟ್ ಒಂದು ಸೊನ್ನೆ ಸೊನ್ನೆ’, ‘ಹದಿನಾಲ್ಕು ಪಾಯಿಂಟ್ ಎರಡು ಐದು ಸೊನ್ನೆ’. ಇದಕ್ಕೆ ದೊಡ್ಡ ಸಂಶೋಧನೆ ಬೇಡ. ಎನ್‌ವಿಡಿಎಯ ಉಚ್ಚಾರ ನಿಘಂಟಿನಲ್ಲಿ ಒಂದು ನಿಯಮ ಬರೆದು, ಕೊನೆಯ ಆರು ಅಂಕಿಗಳನ್ನು ಮೂರು ಮೂರರಂತೆ ಬಿಡಿಸಿ, ನಡುವೆ ಪಾಯಿಂಟ್ ಸೇರಿಸಿ, ಬಿಡಿಯಾಗಿ ಓದುವಂತೆ ಮಾಡಬಹುದು. ಇಷ್ಟು ಚಿಕ್ಕ ಕೆಲಸವನ್ನು ಯಾರೋ ಒಬ್ಬರು ಕೂತು ಮಾಡಿ ಎಲ್ಲರಿಗೂ ಹಂಚಬೇಕು. ಗಡಿಯ ಊರುಗಳಿಗೆ ಅದೇ ನಿಯಮದ ಮರಾಠಿ ಪ್ರತಿಯೂ ಬೇಕು. ನಿಪ್ಪಾಣಿ, ಕಾಗವಾಡದ ಹುಡುಗರು ಯಾವ ಭಾಷೆಯಲ್ಲಿ ವೇಗವಾಗಿ ಕೇಳುತ್ತಾರೋ ಆ ಭಾಷೆಯನ್ನು ಅವರೇ ಆರಿಸಿಕೊಳ್ಳಲಿ.

ಯಾವಾಗ ಮಾತಾಡಬೇಕು ಎಂಬುದು ಏನು ಹೇಳಬೇಕು ಎಂಬುದಕ್ಕಿಂತ ಕಷ್ಟದ ಪ್ರಶ್ನೆ. ಡಯಲ್ ತಿರುಗಿಸುವಾಗ ಆವರ್ತನ ಕ್ಷಣಕ್ಕೆ ಹತ್ತಾರು ಸಲ ಬದಲಾಗುತ್ತದೆ. ಪ್ರತಿ ಬದಲಾವಣೆಯನ್ನೂ ತಂತ್ರಾಂಶ ಹೇಳಹೊರಟರೆ ಅಂಕಿಗಳ ಪ್ರವಾಹದಲ್ಲಿ ಎದುರಿನವರ ಗುರುತಿನ ಸಂಕೇತವಾದ ಕಾಲ್‌ಸೈನ್ ಕೊಚ್ಚಿಹೋಗುತ್ತದೆ. ಏನೂ ಹೇಳದಿದ್ದರೆ ಎಲ್ಲಿದ್ದೇವೆಂದು ಗೊತ್ತಾಗುವುದಿಲ್ಲ. ಒಳ್ಳೆಯ ಕ್ರಮವೆಂದರೆ ಡಯಲ್ ನಿಂತು ಅರ್ಧ ಸೆಕೆಂಡಾದ ಮೇಲೆ ಒಮ್ಮೆ ಹೇಳುವುದು. ಉಳಿದದ್ದನ್ನು ಕೇಳಿದಾಗ ಮಾತ್ರ. ಆವರ್ತನಕ್ಕೆ ಒಂದು ಕೀಲಿ, ಮೋಡಿಗೆ ಒಂದು, ಸಂಕೇತದ ಬಲಕ್ಕೆ ಒಂದು. ಪ್ರಸಾರ ನಡೆಯುತ್ತಿರುವಾಗ ಬಾಯಿ ಬಿಡಕೂಡದು. ಆಂಟೆನಾದಿಂದ ಶಕ್ತಿ ವಾಪಸು ಬರುತ್ತಿದ್ದರೆ ಮಾತ್ರ ಈ ನಿಯಮ ಮುರಿದು ಎಚ್ಚರಿಸಬೇಕು. ಅಳತೆಗಳನ್ನು ಮಾತಿಗಿಂತ ನಾದದಲ್ಲಿ ಕೊಡುವುದು ಮೇಲು. ಆಂಟೆನಾ ಟ್ಯೂನ್ ಮಾಡುವಾಗ ‘ಎರಡು ಪಾಯಿಂಟ್ ಮೂರು, ಎರಡು ಪಾಯಿಂಟ್ ಒಂದು’ ಎಂದು ಕೇಳುತ್ತ ಕೂರುವುದಕ್ಕಿಂತ ಒಂದು ಸ್ವರ ಇಳಿಯುತ್ತ ಬಂದು ತಳ ಮುಟ್ಟಿದ್ದನ್ನು ಕೈ ತಾನಾಗಿ ಹಿಡಿಯುತ್ತದೆ.

ಹೆಡ್‌ಫೋನಿನ ಒಂದು ಕಿವಿಗೆ ರೇಡಿಯೋ, ಇನ್ನೊಂದಕ್ಕೆ ಸ್ಕ್ರೀನ್ ರೀಡರ್ ಹಂಚಿಕೊಳ್ಳುವುದು ದೃಷ್ಟಿಹೀನ ಹ್ಯಾಮ್‌ಗಳ ರೂಢಿ. ಇಲ್ಲಿ ಒಂದು ಅಪಾಯವನ್ನು ಬಿಡಿಸಿ ಹೇಳಲೇಬೇಕು. ಈಗಿನ ಸೆಟ್‌ಗಳ ಯುಎಸ್‌ಬಿ ಕೇಬಲ್ಲಿನಲ್ಲಿ ನಿಯಂತ್ರಣದ ಜೊತೆ ಧ್ವನಿಯೂ ಹರಿಯುತ್ತದೆ. ಕೇಬಲ್ ಚುಚ್ಚಿದ ಕೂಡಲೇ ವಿಂಡೋಸ್ ಆ ಸೆಟ್ಟನ್ನೇ ಹೊಸ ಸ್ಪೀಕರ್ ಎಂದು ತಿಳಿದು ತನ್ನೆಲ್ಲ ಧ್ವನಿಯನ್ನು ಅದಕ್ಕೆ ತಿರುಗಿಸಿಬಿಡಬಹುದು. ಆಗ ಎರಡು ಅನಾಹುತ ಒಟ್ಟಿಗೆ ಆಗುತ್ತವೆ: ಆಪರೇಟರಿಗೆ ಕಂಪ್ಯೂಟರ್ ಇದ್ದಕ್ಕಿದ್ದಂತೆ ಮೂಕವಾಗುತ್ತದೆ, ಮತ್ತು ಸೆಟ್ ಡೇಟಾ ಮೋಡಿನಲ್ಲಿ (ಕಂಪ್ಯೂಟರಿನ ಧ್ವನಿಯನ್ನೇ ಕಳಿಸುವ ಮೋಡ್) ಪ್ರಸಾರಕ್ಕೆ ಹೋದರೆ ಸ್ಕ್ರೀನ್ ರೀಡರಿನ ಮಾತು ಗಾಳಿಗೆ ಹೋಗುತ್ತದೆ. ಸ್ಕ್ರೀನ್ ರೀಡರಿನ ಧ್ವನಿಸಾಧನವನ್ನು ಹೆಸರಿಟ್ಟು ಕಟ್ಟಿಹಾಕುವುದು, ‘ಡೀಫಾಲ್ಟ್’ ಎಂದು ಬಿಡದಿರುವುದು ಇದಕ್ಕೆ ಮದ್ದು. ಇನ್ನೊಂದು ಅಪಾಯ ಸೀರಿಯಲ್ ಪೋರ್ಟಿನದು. ಕೆಲವು ಹೊಂದಾಣಿಕೆಗಳಲ್ಲಿ ತಂತ್ರಾಂಶ ಪೋರ್ಟ್ ತೆರೆದ ಕ್ಷಣ ಅದರ ಆರ್‌ಟಿಎಸ್ ಅಥವಾ ಡಿಟಿಆರ್ ಎಂಬ ನಿಯಂತ್ರಣ ಗೆರೆ ಮೇಲೆದ್ದು ಸೆಟ್ ತಾನಾಗಿ ಪ್ರಸಾರಕ್ಕೆ ಹೋಗುತ್ತದೆ. ಕಣ್ಣಿದ್ದವರು ಕೆಂಪು ದೀಪ ನೋಡಿ ಹೌಹಾರುತ್ತಾರೆ. ದೃಷ್ಟಿಹೀನರಿಗೆ ಕೇಳುವುದು ಬರೀ ನಿಶ್ಶಬ್ದ, ಆ ನಿಶ್ಶಬ್ದವನ್ನು ಬ್ಯಾಂಡ್ ಸತ್ತಿದೆ ಎಂದು ತಿಳಿಯುವ ಸಾಧ್ಯತೆ ಇದೆ. ಪ್ರಸಾರ ಆರಂಭ, ಪ್ರಸಾರ ಮುಕ್ತಾಯ ಎಂಬ ಎರಡು ಸಣ್ಣ ಸದ್ದುಗಳು ಪ್ರತಿ ನಿಯಂತ್ರಣ ತಂತ್ರಾಂಶದಲ್ಲೂ ಕಡ್ಡಾಯವಾಗಿ ಇರಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿ.

ಚಿತ್ರದ ಕಿಟಕಿಗಳಿರುವ ತಂತ್ರಾಂಶಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಹುಪಾಲು ನಿಯಂತ್ರಣ ತಂತ್ರಾಂಶಗಳು ಸೆಟ್ಟಿನ ಮುಖವನ್ನೇ ಪರದೆಯ ಮೇಲೆ ಬಿಡಿಸಿಡುತ್ತವೆ. ಬಿಡಿಸಿದ ಗುಂಡಿ ಕಂಪ್ಯೂಟರಿನ ದೃಷ್ಟಿಯಲ್ಲಿ ಗುಂಡಿಯೇ ಅಲ್ಲ, ಬಣ್ಣದ ಚುಕ್ಕೆಗಳ ಗುಂಪು. ಸ್ಕ್ರೀನ್ ರೀಡರಿಗೆ ಅಲ್ಲಿ ಏನೂ ಕಾಣುವುದಿಲ್ಲ. ವಿಂಡೋಸಿನ ಸ್ವಂತ ಗುಂಡಿ, ಪಟ್ಟಿ, ಬರೆಯುವ ಚೌಕಗಳನ್ನು ಬಳಸಿ ಪ್ರತಿಯೊಂದಕ್ಕೂ ಹೆಸರು ಕೊಟ್ಟರೆ ಅರ್ಧ ಸಮಸ್ಯೆ ತೀರುತ್ತದೆ. ಕೀಲಿಮಣೆ ಮತ್ತು ಸ್ಕ್ರೀನ್ ರೀಡರನ್ನೇ ಮನಸ್ಸಿನಲ್ಲಿಟ್ಟು ಬರೆದ ‘ಜೆಜೆ ರೇಡಿಯೋ’ದಂಥ ತಂತ್ರಾಂಶಗಳೂ ಇವೆ. ಫ್ಲೆಕ್ಸ್ ಕಂಪನಿಯ 6000 ಸರಣಿಯ ಕೆಲವು ಸೆಟ್‌ಗಳಿಗೆ ಮುಂಭಾಗದಲ್ಲಿ ಡಯಲ್ಲೂ ಪರದೆಯೂ ಇಲ್ಲ. ನೆಟ್‌ವರ್ಕ್ ಕೇಬಲ್ಲಿನಲ್ಲಿ ಅಕ್ಷರರೂಪದ ಆಜ್ಞೆಗಳಿಂದಲೇ ನಡೆಯುತ್ತವೆ. ಅಂಥ ಸೆಟ್ಟಿನ ಮುಂದೆ ಕಣ್ಣಿರುವವರೂ ಇಲ್ಲದವರೂ ಒಂದೇ ಬಾಗಿಲಿನಿಂದ ಒಳಗೆ ಹೋಗಬೇಕು.

ತಂತ್ರಾಂಶದ ಮೇಲಿನ ಅವಲಂಬನೆಯನ್ನು ಅಂಗವೈಕಲ್ಯದ ಗುರುತು ಎಂದು ಎಣಿಸುವವರಿಗೆ ನಮ್ಮದೇ ಉಪಗ್ರಹದ ಉದಾಹರಣೆ ಸಾಕು. ಇಸ್ರೋ 2005ರ ಮೇ 5ರಂದು ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ–ಸಿ6 ರಾಕೆಟ್ಟಿನಲ್ಲಿ ಕಾರ್ಟೋಸ್ಯಾಟ್–1ರ ಜೊತೆ ‘ಹ್ಯಾಮ್‌ಸ್ಯಾಟ್’ ಕಳಿಸಿತು. ಜಗತ್ತಿನ ಹ್ಯಾಮ್‌ಗಳು ಅದನ್ನು ವಿಒ–52 ಎಂದು ಕರೆದು 2014ರವರೆಗೆ ಬಳಸಿದರು. ಅದರೊಳಗೆ ನೆಲದಿಂದ ಬಂದ ಸಂಕೇತವನ್ನು ಮತ್ತೆ ನೆಲಕ್ಕೆ ಕಳಿಸುವ ಎರಡು ಟ್ರಾನ್ಸ್‌ಪಾಂಡರುಗಳಲ್ಲಿ ಒಂದು ಭಾರತೀಯರದು, ಇನ್ನೊಂದು ವಿಲಿಯಂ ಲೈಯೆನಾರ್ ಎಂಬ ಡಚ್ ಹ್ಯಾಮ್‌ನದು. ಉಪಗ್ರಹ ಹತ್ತಿರ ಬರುವಾಗ ಆವರ್ತನ ಮೇಲೆ ಜಾರುತ್ತದೆ, ದೂರ ಹೋಗುವಾಗ ಕೆಳಗೆ. 435 ಮೆಗಾಹರ್ಟ್ಸ್‌ನಲ್ಲಿ ಈ ಜಾರು ಎರಡೂ ಕಡೆ ಸುಮಾರು 10 ಕಿಲೋಹರ್ಟ್ಸ್‌ವರೆಗೂ ಹೋಗುತ್ತದೆ. ಕೆಲವೇ ನಿಮಿಷಗಳ ಹಾದುಹೋಗುವಿಕೆಯಲ್ಲಿ ಕೈಯಿಂದ ಅದನ್ನು ಸರಿದೂಗಿಸುತ್ತ ಮಾತನ್ನೂ ಆಡುವುದು ನುರಿತವರಿಗೂ ಕಷ್ಟ. ಆದ್ದರಿಂದ ಕಣ್ಣು ನೆಟ್ಟಗಿರುವ ಹ್ಯಾಮ್‌ಗಳೇ ಆ ಕೆಲಸವನ್ನು ನಿಯಂತ್ರಣ ತಂತ್ರಾಂಶಕ್ಕೆ ಒಪ್ಪಿಸಿದರು. ಅದಕ್ಕೆ ಯಾರೂ ವಿಶೇಷ ಸವಲತ್ತು ಎಂದು ಹೆಸರಿಡಲಿಲ್ಲ.

ಕಿವಿಯ ವಿಷಯದಲ್ಲಿ ನಮ್ಮ ಉತ್ತರ ಕರ್ನಾಟಕಕ್ಕೆ ಬೇರೆಡೆ ಸುಲಭವಾಗಿ ಸಿಗದ ಒಂದು ಆಸ್ತಿ ಇದೆ. ಗದಗಿನ ವೀರೇಶ್ವರ ಪುಣ್ಯಾಶ್ರಮ ಪಂಚಾಕ್ಷರಿ ಗವಾಯಿಗಳಿಂದ, ಅವರ ನಂತರ 2010ರವರೆಗೂ ಬದುಕಿದ್ದ ಪುಟ್ಟರಾಜ ಗವಾಯಿಗಳಿಂದ ತಲೆಮಾರುಗಟ್ಟಲೆ ದೃಷ್ಟಿಹೀನ ಮಕ್ಕಳ ಕಿವಿಯನ್ನು ಶ್ರುತಿಗೆ ಪಳಗಿಸಿದೆ. ಗುರುಗಳಿಬ್ಬರೂ ದೃಷ್ಟಿಹೀನರು. ತಂಬೂರಿಯ ಎರಡು ತಂತಿಗಳು ಹೊಂದದಿದ್ದಾಗ ನಡುವೆ ಏಳುವ ಅಲೆ, ಹೊಂದುತ್ತ ಬಂದಂತೆ ನಿಧಾನವಾಗಿ ಕರಗುವುದು ಅಲ್ಲಿನ ಪ್ರತಿ ಶಿಷ್ಯನಿಗೂ ಗೊತ್ತು. ಮೋರ್ಸ್ ಹ್ಯಾಮ್ ಎದುರಿನ ಸ್ಟೇಷನ್ನಿನ ಮೇಲೆ ಕರಾರುವಾಕ್ಕಾಗಿ ಕೂರುವುದು ಇದೇ ಭೌತಶಾಸ್ತ್ರದಿಂದ: ತನ್ನ ಸೆಟ್ಟಿನ ನಾದ ಮತ್ತು ಬರುತ್ತಿರುವ ನಾದಗಳ ನಡುವಿನ ಅಲೆ ಕರಗುವವರೆಗೆ ಡಯಲ್ ಸರಿಸುವುದು. ಪಕ್ಕಪಟ್ಟಿಯ ಮಾತಿನಲ್ಲೂ ಹೀಗೆಯೇ. ಹತ್ತಾರು ಹರ್ಟ್ಸ್ ಆಚೀಚೆ ಆದರೆ ದನಿ ತೆಳುವಾಗುತ್ತದೆ ಅಥವಾ ಗಡುಸಾಗುತ್ತದೆ, ಪಳಗಿದ ಕಿವಿ ಅದನ್ನು ತಿದ್ದಿಕೊಳ್ಳುತ್ತದೆ. ಹ್ಯಾಮ್ ಲೈಸೆನ್ಸಿನ ಜನರಲ್ ಗ್ರೇಡ್ ಪರೀಕ್ಷೆಗೆ ಬೇಕಾದ ನಿಮಿಷಕ್ಕೆ 8 ಪದಗಳ ಮೋರ್ಸ್ ಇಂಥ ಕಿವಿಗೆ ದೊಡ್ಡ ಬೆಟ್ಟವಲ್ಲ.

ಮಹಾಪೂರದ ಹೊತ್ತಿಗೆ ಸ್ಟೇಷನ್ ಹೇಗಿರಬೇಕು? ಐಸಿ–7300 ಕೇಳುವಾಗ ಸುಮಾರು 1 ಆಂಪಿಯರ್ ತಿನ್ನುತ್ತದೆ, 100 ವಾಟ್ ಪ್ರಸಾರಕ್ಕೆ 21 ಆಂಪಿಯರ್ ವರೆಗೆ. ಅದರ ಮೇಲೆ ಲ್ಯಾಪ್‌ಟಾಪ್ ಹೊರೆಯಾಗುತ್ತದೆ. ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಕೆಲವೇ ವಾಟ್‌ಗಳಲ್ಲಿ ಹ್ಯಾಮ್‌ಲಿಬ್ಬನ್ನೂ ಇ–ಸ್ಪೀಕನ್ನೂ ಓಡಿಸುತ್ತದೆ. ಪರದೆಯೇ ಬೇಡದಿರುವುದರಿಂದ ಬ್ಯಾಟರಿ ಉಳಿಯುತ್ತದೆ. ಹೀಗೆ ದೃಷ್ಟಿಹೀನರ ಸ್ಟೇಷನ್ ಬಾಕಿಯವರದ್ದಕ್ಕಿಂತ ಹೆಚ್ಚು ಹೊತ್ತು ಗಾಳಿಯಲ್ಲಿರಬಲ್ಲದು. 7.1 ಮೆಗಾಹರ್ಟ್ಸ್‌ಗೆ ಅರ್ಧ ತರಂಗದ ತಂತಿ ಸುಮಾರು 20 ಮೀಟರ್. ಅದನ್ನು ಹತ್ತು ಮೀಟರಿಗಿಂತ ಕೆಳಗೇ ಕಟ್ಟಿದರೆ ಅಲೆಗಳು ನೇರ ಮೇಲೆ ಹೋಗಿ ಅಯಾನುಗೋಳದಿಂದ ಕೆಳಗೆ ಬಿದ್ದು, ಹಗಲಿನಲ್ಲಿ ಸುತ್ತಲಿನ ಕೆಲವು ನೂರು ಕಿಲೋಮೀಟರಿನ ವಲಯವನ್ನು ತುಂಬುತ್ತವೆ: ಬೆಳಗಾವಿ, ಕೊಲ್ಹಾಪುರ, ಸಾಂಗಲಿ, ಧಾರವಾಡ ಎಲ್ಲವೂ ಅದರೊಳಗೆ. ರಾತ್ರಿ 3.5 ಮೆಗಾಹರ್ಟ್ಸ್‌ಗೆ ಇಳಿಯಬೇಕಾಗುತ್ತದೆ, ತಂತಿ ದುಪ್ಪಟ್ಟು ಉದ್ದ ಬೇಕು. ಕಡಿಮೆ ಖರ್ಚಿನಲ್ಲಿ ಮಾಡುವವರಿಗೆ ಹೈದರಾಬಾದಿನ ಅಶ್ಹರ್ ಫರ್ಹಾನ್ ರೂಪಿಸಿ 2017ರಲ್ಲಿ ಹೊರತಂದ ‘ಮೈಕ್ರೋ ಬಿಟ್‌ಎಕ್ಸ್’ ಇದೆ. ಅದರ ಮಿದುಳು ಒಂದು ಆರ್ಡುಯಿನೋ. ಅದರ ಕೋಡ್ ಎಲ್ಲರಿಗೂ ತೆರೆದದ್ದು. ಅದು ಕಂಪ್ಯೂಟರಿನೊಂದಿಗೆ ಯೇಸು ಎಫ್‌ಟಿ–817ರ ಆಡುಭಾಷೆಯಲ್ಲಿ ಮಾತಾಡುತ್ತದೆ. ಆವರ್ತನವನ್ನು ಮೋರ್ಸಿನಲ್ಲಿ ನುಡಿಸುವ ನಾಲ್ಕಾರು ಸಾಲು ಸೇರಿಸುವುದು ಚಿಕ್ಕೋಡಿಯದೋ ನಿಪ್ಪಾಣಿಯದೋ ಎಂಜಿನಿಯರಿಂಗ್ ವಿದ್ಯಾರ್ಥಿಯ ಕೈಯಳತೆಯ ಕೆಲಸ. ಪ್ರಾಜೆಕ್ಟ್ ಹುಡುಕುವ ವಿದ್ಯಾರ್ಥಿಗಳು ಇದನ್ನು ಎತ್ತಿಕೊಳ್ಳಲಿ ಎಂಬುದು ನನ್ನ ಆಸೆ.

ಪರೀಕ್ಷೆ, ಲೈಸೆನ್ಸುಗಳ ದಾರಿ ಗೊತ್ತಿರುವಂಥದ್ದೇ. ಹನ್ನೆರಡು ವರ್ಷ ತುಂಬಿದವರು ಬರೆಯಬಹುದು; ರಿಸ್ಟ್ರಿಕ್ಟೆಡ್ ಗ್ರೇಡಿಗೆ ಮೋರ್ಸ್ ಬೇಡ. ರಾಜ್ಯದಲ್ಲಿ 1959ರಷ್ಟು ಹಿಂದಿನ ಬೆಂಗಳೂರು ಅಮೆಚೂರ್ ರೇಡಿಯೋ ಕ್ಲಬ್ ಇದೆ, ತರಬೇತಿ ಕೊಡುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್ ಇದೆ. ಅಂಗವಿಕಲ ಅಭ್ಯರ್ಥಿಗಳಿಗೆ ಲಿಪಿಕಾರರ ನೆರವು, ಗಂಟೆಗೆ ಕನಿಷ್ಠ 20 ನಿಮಿಷದ ಹೆಚ್ಚುವರಿ ಸಮಯ ಎಂಬುದನ್ನು ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ಮಾರ್ಗಸೂಚಿಗಳು ಹೇಳಿವೆ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ 2016ರ 42ನೇ ಕಲಮು ಸಂಪರ್ಕ ತಂತ್ರಜ್ಞಾನ ಎಲ್ಲರಿಗೂ ಎಟುಕಬೇಕು ಎನ್ನುತ್ತದೆ; 8ನೇ ಕಲಮು ವಿಪತ್ತಿನ ಹೊತ್ತಿನಲ್ಲಿ ಅಂಗವಿಕಲರಿಗೆ ಸಮಾನ ರಕ್ಷಣೆ ಸಿಗಬೇಕು ಎನ್ನುತ್ತದೆ. ವಿಪತ್ತಿನಲ್ಲಿ ರಕ್ಷಿಸಬೇಕಾದವರ ಪಟ್ಟಿಯಲ್ಲಷ್ಟೇ ದೃಷ್ಟಿಹೀನರ ಹೆಸರು ಬರೆದು ನಿಲ್ಲಿಸುವುದು ಆ ಕಾಯಿದೆಯನ್ನು ಅರ್ಧ ಓದಿದಂತೆ. ಸುದ್ದಿ ಮುಟ್ಟಿಸುವವರ ಪಟ್ಟಿಯಲ್ಲೂ ಅವರ ಹೆಸರು ಬರಬೇಕು.

ಆದ್ದರಿಂದ ಬೆಳಗಾವಿ ಜಿಲ್ಲೆಯಲ್ಲಿ ಹ್ಯಾಮ್ ತರಬೇತಿ ಏರ್ಪಡಿಸುವವರಲ್ಲಿ, ವಿಪತ್ತು ನಿರ್ವಹಣೆಯ ಅಧಿಕಾರಿಗಳಲ್ಲಿ ಮತ್ತು ದೃಷ್ಟಿಹೀನರ ಶಾಲೆಗಳ ಶಿಕ್ಷಕರಲ್ಲಿ ಒಂದು ವಿನಂತಿ. ಮುಂದಿನ ತರಬೇತಿಯ ಕರೆಪತ್ರದಲ್ಲಿ ದೃಷ್ಟಿಹೀನರಿಗೂ ಪ್ರವೇಶವಿದೆ ಎಂಬ ಸಾಲನ್ನು ಸೇರಿಸಿ, ಅದನ್ನು ಓದಿ ಹೇಳುವ ವ್ಯವಸ್ಥೆಯನ್ನೂ ಮಾಡಿ. ಎನ್‌ವಿಡಿಎ ಮತ್ತು ಹ್ಯಾಮ್‌ಲಿಬ್ ಹಾಕಿದ ಒಂದು ಲ್ಯಾಪ್‌ಟಾಪ್ ಮೇಜಿನ ಮೇಲಿರಲಿ. ಸೆಟ್ ಕೊಳ್ಳುವ ಮೊದಲು ಅದರ ಮೆನು ಮಾತಾಡುತ್ತದೆಯೇ, ಹಿಂಬದಿಯ ಪೋರ್ಟಿನಲ್ಲಿ ಎಲ್ಲ ಆಜ್ಞೆಗಳೂ ನಡೆಯುತ್ತವೆಯೇ ಎಂದು ಪರದೆಗೆ ಬಟ್ಟೆ ಹೊದಿಸಿ ಪರೀಕ್ಷಿಸಿ. ಇದೆಲ್ಲ ಬೇಸಿಗೆಯಲ್ಲಿಯೇ ಮುಗಿಯಬೇಕು. ಕಲ್ಲೋಳ–ಯಡೂರ ಸೇತುವೆಯ ಮೇಲೆ ನೀರು ಬಂದ ಮೇಲೆ ಕಲಿಸಲು ಸಮಯವಿರುವುದಿಲ್ಲ.